ಹೆಬ್ಬಾರರ ಚಿತ್ರಗಳಲ್ಲಿ ಸಂವಾದವಿಚಾರ

ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ 1996ರಲ್ಲಿ ದಿವಂಗತರಾದ ಚಿತ್ರಕಾರ ಕೆ. ಕೆ. ಹೆಬ್ಬಾರರು ಕೇರಳದ ಪ್ರವಾಸದಿಂದ ಪ್ರೇರಿತರಾಗಿ ಗ್ರಾಮಜೀವನದ ಚಿತ್ರಗಳನ್ನು ಬರೆದರು. ಇವುಗಳಲ್ಲಿ ಫ್ರಾನ್ಸಿನ ಪಾಲ್ ಗೋಗ್ಯಾ ಹಾಗೂ ಅಮೃತಾ ಶೇರ್‌ಗಿಲ್ ಇವರ ರೀತಿಯು ಕಾಣುವುದರಿಂದ, ಇವು ಪರಾನುಕರಣವೇ ಸರಿಯೆಂಬ ಪೂರ್ವಪಕ್ಷವು ಏಳುತ್ತದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದು ವಿಚಾರಣೀಯ.

ನೆರಳಿನಿಂದ ಉಬ್ಬುತಗ್ಗುಗಳನ್ನು ತೋರಿಸದೆ, ದೃಢವಾದ ರೇಖೆಯೊಳಗೆ ಸಮವರ್ಣವನ್ನು ತುಂಬುವುದೇ ಈ ರೀತಿಯ ಲಕ್ಷಣ. ಇದು ಗೋಗ್ಯಾನ ಸ್ವಂತ ಸೊತ್ತೇನೂ ಅಲ್ಲ. ತಾಹಿತಿ ದ್ವೀಪದಲ್ಲಿ 1892ರಲ್ಲಿ ಬರೆದ ‘ತಾ ಮತೇತೆ’ (ಸಂತೆ) ಎಂಬ ಚಿತ್ರದಲ್ಲಿ, ಬಯಲಿನಲ್ಲಿ ಸಾಲಾಗಿ ಕುಳಿತ ಸ್ತ್ರೀಯರ ಭಂಗಿಯನ್ನು ಅವನು ಪ್ರಾಚೀನ ಈಜಿಪ್ಟಿನ ಸಮಾಧಿಗಳ ಭಿತ್ತಿಚಿತ್ರದಿಂದ ತೆಗೆದುಕೊಂಡನು. ಸಾಲ ಕೊಟ್ಟವನೂ ಸಾಲಗಾರನೇ! ನಮ್ಮ ದುಮ್ಮವಾಡಕ್ಕೆ ನೆರೆಯದಾದ ಕಲಘಟಗಿಯ ತೊಟ್ಟಿಲುಗಳ ಮೇಲೆ ರಾಮಾಯಣದ ಕಥೆಯನ್ನು ಬರೆಯುವವರೂ ರೇಖೆಯನ್ನೆಳೆದು ಬಣ್ಣ ತುಂಬುವವರೇ. ಅವರು ಅದನ್ನು ಪ್ಯಾರಿಸ್ಸಿನಿಂದ ಕಲಿತವರಲ್ಲ.

ಈ ವಿಷಯದಲ್ಲಿ ಆನಂದವರ್ಧನನ ನಿರ್ಣಯವೇ ನಮಗೆ ದಾರಿದೀಪ. ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಅವನು ಸಂವಾದವನ್ನು, ಎಂದರೆ ಕೃತಿಗಳ ಪರಸ್ಪರ ಹೋಲಿಕೆಯನ್ನು, ಮೂರು ಬಗೆಯಾಗಿ ವಿಂಗಡಿಸಿದ್ದಾನೆ: ಪ್ರತಿಬಿಂಬದಂತಿರುವುದು, ಆಲೇಖ್ಯದಂತಿರುವುದು, ಇಬ್ಬರು ದೇಹಿಗಳಂತಿರುವುದು. ಮೊದಲನೆಯದಕ್ಕೆ ಬೇರೆ ಆತ್ಮವಿಲ್ಲ. ಎರಡನೆಯದರ ಆತ್ಮ ತುಚ್ಛ. ಮೂರನೆಯದು ಸ್ವಂತ ಆತ್ಮವುಳ್ಳದ್ದಾದುದರಿಂದ ತ್ಯಾಜ್ಯವಲ್ಲ. ಚಂದ್ರನನ್ನು ಹೋಲುವುದೆಂದು ಸುಂದರಿಯ ಮುಖವು ಕಳೆಗುಂದುವುದೇ?

ಹಾಗಾದರೆ ಹೆಬ್ಬಾರರ ಚಿತ್ರಗಳ ಆತ್ಮ ಯಾವುದು? ಲಯವೆಂದೇ ನಮ್ಮ ಮತ. ಶೇರ್‌ಗಿಲ್ ಅವರ 1937ರ ಚಿತ್ರದಲ್ಲಿ ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು ನಡೆಯುತ್ತಿದ್ದರೂ ನಿಶ್ಚಲರಂತೆ ತೋರುತ್ತಾರೆ. ಅಲ್ಲಿಯ ಮೌನವೇ ಕರುಣಕ್ಕೆ ವ್ಯಂಜಕ. ಹೆಬ್ಬಾರರಾದರೋ ಕಥಕ್ ನೃತ್ಯವನ್ನು ಅಭ್ಯಾಸಮಾಡಿದವರು. ಅವರ ರೇಖೆಯು ತಾಳವನ್ನರಿತು ನಡೆಯುತ್ತದೆ. ಕೇರಳದ ಆ ಮೊದಲ ಚಿತ್ರಗಳು ಎರಡನೆಯ ಮೂರನೆಯ ಬಗೆಗಳ ನಡುವೆ ನಿಲ್ಲುತ್ತವೆಂಬುದನ್ನು ಒಪ್ಪಬೇಕು. ಆದರೆ ‘ಹಾಡುವ ರೇಖೆಗಳು’ ಎಂಬರ್ಥದ ಹೆಸರಿನಿಂದ ಖ್ಯಾತವಾದ ಅವರ ರೇಖಾಚಿತ್ರಗಳಲ್ಲಿ ಋಣವು ಸಂಪೂರ್ಣವಾಗಿ ತೀರಿದೆ.

941ರಲ್ಲಿ ವ್ಯಾಸಭಾರತದ ವಸ್ತುವನ್ನೆತ್ತಿಕೊಂಡು ಅದಕ್ಕೆ ಬೇರೊಂದು ಜೀವವನ್ನಿತ್ತ ಪಂಪನನ್ನು ನಾವು ಅನುಕಾರಿಯೆನ್ನುವುದಿಲ್ಲ. ಕವಿಗೆ ಸಲ್ಲುವ ಈ ನ್ಯಾಯವು ಚಿತ್ರಕಾರನಿಗೂ ಸಲ್ಲತಕ್ಕದ್ದು. ಹೋಲಿಕೆಯನ್ನು ಕಂಡಕೂಡಲೇ ಚೌರ್ಯವೆನ್ನದೆ, ಒಳಗಿನ ಆತ್ಮವನ್ನು ಅರಸುವುದೇ ವಿಮರ್ಶಕನ ಧರ್ಮ.