ಗ್ರಂಥಪಾಲಕರಿಗೂ ಅಂಕ ಹಾಕುವ ಹಕ್ಕಿರಲಿ

ಕೇರಳದ ಕಾಸರಗೋಡು ಜಿಲ್ಲೆಯ ಮೊಗ್ರಾಲ್ ಇಶಲ್ ಗ್ರಾಮವೆಂದೇ ಹೆಸರಾದ ಊರು. ಮಾಪ್ಪಿಳ ಹಾಡು ಕಟ್ಟಿದವರ, ಹಾಡಿದವರ ಊರು. ಇಲ್ಲಿಯ ವಿದ್ಯಾರ್ಥಿಗೆ ‘ನಿನ್ನೂರಿನ ಚರಿತ್ರೆ ಬರೆ’ ಎಂದು ಪ್ರಾಜೆಕ್ಟ್ ಕೊಟ್ಟರೆ ಅವನು ಮೊಬೈಲಿನಲ್ಲಿ ಊರಿನ ಹೆಸರು ಹೊಡೆಯುತ್ತಾನೆ, ಸಿಕ್ಕ ನಾಲ್ಕು ಪ್ಯಾರಾ ಇಳಿಸಿಕೊಳ್ಳುತ್ತಾನೆ. ಅವನನ್ನು ದೂರಿ ಫಲವಿಲ್ಲ. 1956ರ ನವೆಂಬರ್ 1ರವರೆಗೆ ಈ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಬ್ರಿಟಿಷರ ಕಾಲದ ಸಂಗತಿ ಬೇಕೆಂದರೆ ಕೇರಳದ ಹೆಸರಿನಲ್ಲಿ ಹುಡುಕಿದರೆ ಸಾಲದು. ‘ಸೌತ್ ಕೆನರಾ’ ಹೆಸರಿನಲ್ಲಿ, ಬ್ರಿಟಿಷ್ ಅಧಿಕಾರಿ ಸ್ಟರಕ್ 1894ರಲ್ಲಿ ಹೊರತಂದ ಜಿಲ್ಲಾ ಮ್ಯಾನ್ಯುಯಲ್‌ನಂಥ ಪುಸ್ತಕಗಳಲ್ಲಿ ಹುಡುಕಬೇಕು. ಹಾಡುಗಳ ಜಾಡು ಹಿಡಿದರೆ ಅರಬಿ-ಮಲಯಾಳ ಲಿಪಿ ಎದುರಾಗುತ್ತದೆ. ಅಲ್ಲಿ ಓದಿ ಹೇಳಬಲ್ಲ ಹಿರಿಯರೇ ಆಕರ.

ಗಡಿ ಬದಲಾದ ಕಥೆ ಚರಿತ್ರೆಯ ಅಧ್ಯಾಪಕರಿಗೆ ಗೊತ್ತು. ಆ ಪುಸ್ತಕ ಯಾವ ಕಪಾಟಿನಲ್ಲಿದೆ, ಸ್ಕ್ಯಾನ್ ಆದ ಪ್ರತಿ ಎಲ್ಲಿ ಸಿಗುತ್ತದೆ ಎಂಬುದು ಗ್ರಂಥಪಾಲಕರಿಗೆ ಗೊತ್ತು. ಪ್ರಾಜೆಕ್ಟ್ ಕೊಡುವ ಮೊದಲು ಇವರಿಬ್ಬರೂ ಕೂತು ಮಾತಾಡುವ ಪದ್ಧತಿಯೇ ನಮ್ಮಲ್ಲಿ ಬೆಳೆದಿಲ್ಲ.

ಮಾಹಿತಿಯನ್ನು ಒರೆಹಚ್ಚಲು ಕಲಿಸುವ ವಿಷಯದಲ್ಲಿ ಕೇರಳ ಸುಮ್ಮನೆ ಕೂತಿದೆ ಎನ್ನಲಾಗದು. ಸುಳ್ಳುಸುದ್ದಿ ಗುರುತಿಸುವುದನ್ನು ಕಲಿಸಲು ರಾಜ್ಯದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ 2022ರಲ್ಲಿ ನಡೆಸಿದ ‘ಸತ್ಯಮೇವ ಜಯತೇ’ ಕಾರ್ಯಕ್ರಮ 5ರಿಂದ 10ನೇ ತರಗತಿಯ 19 ಲಕ್ಷಕ್ಕೂ ಮಿಕ್ಕಿದ ಮಕ್ಕಳನ್ನು ತಲುಪಿತು. 2024ರಲ್ಲಿ ಅದೇ ವಿಷಯ 5 ಮತ್ತು 7ನೇ ತರಗತಿಯ ಐಸಿಟಿ ಪಠ್ಯಕ್ಕೂ ಬಂತು. ಸರಕಾರಿ ಶಾಲೆಗಳ ಮೂಲಕ ಇಷ್ಟು ದೊಡ್ಡ ಕೆಲಸ ನಡೆದದ್ದಕ್ಕೆ ಮನಸಾರೆ ಮೆಚ್ಚುಗೆಯಿದೆ. ಆದರೆ ಅದು ಕಂಪ್ಯೂಟರ್ ಪಾಠವಾಗಿ ಉಳಿದದ್ದು ಕೊರತೆಯೇ. ವಾಟ್ಸ್‌ಆ್ಯಪ್ ಸಂದೇಶವನ್ನು ಅನುಮಾನಿಸಲು ಕಲಿತ ಹುಡುಗಿ ಚರಿತ್ರೆಯ ಪ್ರಾಜೆಕ್ಟಿಗೆ ಕೂತಾಗ ಆ ಅನುಮಾನವನ್ನು ಜತೆಗೊಯ್ಯುವುದಿಲ್ಲ. ಶಾಸನವನ್ನು ನಂಬುವ ಬಗೆ ಬೇರೆ, ಪ್ರಯೋಗದ ಫಲಿತಾಂಶವನ್ನು ನಂಬುವ ಬಗೆ ಬೇರೆ. ಅದನ್ನು ಆಯಾ ವಿಷಯದ ಒಳಗೇ ಕಲಿಯಬೇಕು.

ಕಾಲೇಜಿಗೆ ಬಂದರೆ ಮೊದಲ ವಾರ ಒಂದು ಗಂಟೆಯ ಲೈಬ್ರರಿ ಪರಿಚಯ: ಕಾರ್ಡು, ಕಪಾಟು, ದಂಡದ ನಿಯಮ. ಆಮೇಲೆ ಏನಿದ್ದರೂ ಪಿಎಚ್‌ಡಿಗೆ ಸೇರಿದವರಿಗೆ ಯುಜಿಸಿ ಕಡ್ಡಾಯ ಮಾಡಿದ ಎರಡು ಕ್ರೆಡಿಟ್‌ನ ಸಂಶೋಧನಾ ನೀತಿಯ ಕೋರ್ಸು. ನಡುವಿನ ಪದವಿ ವರ್ಷಗಳು ಬರಿದು. 2024ರಿಂದ ಕೇರಳದಲ್ಲಿ ನಾಲ್ಕು ವರ್ಷದ ಪದವಿ ಬಂದಿದೆ, ಕೊನೆಯ ವರ್ಷ ಸಂಶೋಧನೆಗೂ ಅವಕಾಶವಿದೆ. ಆಕರ ಹುಡುಕಲು ಬಾರದವರು ಆಗ ಏನನ್ನು ಸಂಶೋಧಿಸಿಯಾರು?

ಪಾಠ ಹೇಳುವುದು, ಗ್ರಂಥಾಲಯ ನಡೆಸುವುದು ಬೇರೆ ಬೇರೆ ಕೆಲಸವೆಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಹುಟ್ಟಿದ ನಾಡಿನಲ್ಲೇ ನಂಬಿಕೊಂಡಿರುವುದು ನೋವಿನ ಸಂಗತಿ. ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸಲು ಸೇರಿದವರು; ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದದ್ದು 1924ರಲ್ಲಿ.

ಹೊಸ ಕಟ್ಟಡ, ಹೊಸ ಡೇಟಾಬೇಸ್ ಆಮೇಲೆ ಬರಲಿ. ಮೊದಲು ಪ್ರಾಜೆಕ್ಟಿನ ಪ್ರಶ್ನೆಯನ್ನು ಅಧ್ಯಾಪಕರೂ ಗ್ರಂಥಪಾಲಕರೂ ಸೇರಿ ಬರೆಯಲಿ. ಇಪ್ಪತ್ತು ಅಂಕದಲ್ಲಿ ಐದು, ಆಕರ ಹುಡುಕಿದ ದಾರಿಗೆ ಮೀಸಲಿರಲಿ. ಆ ಐದನ್ನು ಗ್ರಂಥಪಾಲಕರೇ ಹಾಕಲಿ.