ಸಂತೆಯ ಹುಡುಗನಿಗೆ ಮಾರಾಟದ ಪಾಠ

ಈಚೆಗೆ ನಮ್ಮ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಮಕ್ಕಳ ಕಥಾ ಸ್ಪರ್ಧೆಯ ತೀರ್ಪುಗಾರರಾಗಿ ಹೋಗಿದ್ದೆವು. ಕಥೆಗಳನ್ನು ಓದಲು ನಮಗೆ ಕೊಟ್ಟ ಕೋಣೆಯ ಬಾಗಿಲಿಗೆ 'ರಿಟೇಲ್ ಲ್ಯಾಬ್' ಎಂಬ ಫಲಕವಿತ್ತು. ಒಳಗೆ ಕಬ್ಬಿಣದ ರ‍್ಯಾಕುಗಳು, ಅವುಗಳ ಮೇಲೆ ಖಾಲಿ ಸೋಪಿನ ಡಬ್ಬಿಗಳು, ಬಿಸ್ಕತ್ತಿನ ಖಾಲಿ ಪೊಟ್ಟಣಗಳು. ಒಂದು ಮೂಲೆಯಲ್ಲಿ ಬಿಲ್ ಹಾಕುವ ಮೇಜು. ಅಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳು ಅಂಗಡಿಯ ಕೆಲಸ ಕಲಿಯುತ್ತಾರೆ. ನಮಗೆ ಚಹಾ ತಂದುಕೊಟ್ಟ ಹುಡುಗ ಆ ತರಗತಿಯವನೇ. ಇಲ್ಲಿ ಏನು ಕಲಿಸುತ್ತಾರಪ್ಪಾ ಎಂದು ಕೇಳಿದೆವು. ಅವನು ಕೈಕಟ್ಟಿ ನಿಂತು, "ಗುಡ್ ಮಾರ್ನಿಂಗ್ ಮೇಡಂ, ಹೌ ಮೇ ಐ ಹೆಲ್ಪ್ ಯೂ" ಎಂದು ಒಪ್ಪಿಸಿದ. ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದಾಗ ಧ್ವನಿ ತಗ್ಗಿತು. "ಅಬ್ಬಾ ಸಂತೇಲಿ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಮಾರ್ತಾರೆ ಸರ್. ಭಾನುವಾರ ನಾನೂ ಹೋಗ್ತೀನಿ."

ಮಾರಾಟ ಕಲಿಯುವುದು ಹೆಮ್ಮೆಯ ವಿಷಯವಾಗಿರುವ ಕೋಣೆಯಲ್ಲಿ ಮಾರುವ ತಂದೆಯ ಹೆಸರು ಹೇಳಲು ಮಗನಿಗೆ ಸಂಕೋಚ. ಈ ಲೇಖನಕ್ಕೆ ಆ ತಗ್ಗಿದ ಧ್ವನಿಯೇ ಕಾರಣ.

ಪ್ರೌಢಶಾಲೆಯ ಮಕ್ಕಳಿಗೆ ವೃತ್ತಿ ಕೌಶಲ ಕಲಿಸಬೇಕೆಂಬ ಮಾತು ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ವಿಚಾರ ಮುಂದಿಟ್ಟರು. 1964-66ರ ಕೊಠಾರಿ ಆಯೋಗ ಕಾರ್ಯಾನುಭವದ ಮಾತಾಡಿತು. 1986ರ ಶಿಕ್ಷಣ ನೀತಿಯೂ ವೃತ್ತಿ ಶಿಕ್ಷಣಕ್ಕೆ ಒತ್ತು ಕೊಟ್ಟಿತು. 2013ರ ಕೊನೆಯಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಬಂತು. ಅದರಡಿ ನಮ್ಮ ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ರಿಟೇಲ್ ಮೊದಲಾದವು ಪಾಠಗಳಾದವು. 2025ರೊಳಗೆ ಕನಿಷ್ಠ ಅರ್ಧದಷ್ಟು ವಿದ್ಯಾರ್ಥಿಗಳಿಗೆ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿ ಇಟ್ಟಿತು. ಕೇಂದ್ರ ಪಠ್ಯಕ್ರಮದ ಶಾಲೆಗಳಲ್ಲಿ 'ಮಾರ್ಕೆಟಿಂಗ್ ಅಂಡ್ ಸೇಲ್ಸ್' ಎಂಬುದೇ ಒಂದು ವಿಷಯ. ದೆಹಲಿಯಲ್ಲಿ 2021ರಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯ ಮಕ್ಕಳಿಗೆ ತಲಾ 2000 ರೂಪಾಯಿ ಬಂಡವಾಳ ಕೊಟ್ಟು, ಗುಂಪು ಕಟ್ಟಿ ವ್ಯಾಪಾರ ಮಾಡಿ ನೋಡಿ ಎಂದರು.

ಈ ಎರಡು ಬಗೆಗಳ ನಡುವಿನ ಅಂತರವನ್ನು ಗಮನಿಸಬೇಕು. ಒಂದು ಕಡೆ ಮಗುವಿನ ಕೈಗೆ ಹಣ ಕೊಟ್ಟು ನೀನೇ ಯಜಮಾನನಾಗು ಎನ್ನುತ್ತಾರೆ. ಇನ್ನೊಂದು ಕಡೆ ಪಠ್ಯಪುಸ್ತಕದ ಹೆಸರೇ 'ಸ್ಟೋರ್ ಆಪರೇಷನ್ಸ್ ಅಸಿಸ್ಟೆಂಟ್'. ಸರಕು ಇಳಿಸಿಕೊಳ್ಳುವುದು, ದಾಸ್ತಾನು ಜೋಡಿಸುವುದು, ಗಿರಾಕಿಯನ್ನು ಸ್ವಾಗತಿಸುವುದು ಅದರ ಪಾಠಗಳು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಮಗುವಿನ ಕನಸಿನ ಎತ್ತರವನ್ನು ಅಳೆದು, ಇನ್ನೊಬ್ಬರ ಅಂಗಡಿಯ ಸಹಾಯಕನ ಕುರ್ಚಿಗೆ ಸರಿಹೊಂದಿಸಿಟ್ಟಂತಾಗುವುದಿಲ್ಲವೇ? ಆ ಕುರ್ಚಿಯೂ ನಿಜದಲ್ಲಿ ಇಲ್ಲ. ಮಾಲ್‌ಗಳಲ್ಲಿ ಹತ್ತು ತಾಸು ನಿಂತೇ ದುಡಿಯುವ ನಮ್ಮ ಬೀದಿಯ ಹೆಣ್ಣುಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ.

ನಾವು ಸಂತೆಯ ಅಂಚಿನಲ್ಲಿ ಬೆಳೆದವರು. ಅಲ್ಲಿ ಮಾರ್ಕೆಟಿಂಗ್ ಎಂಬ ಪದವಿರಲಿಲ್ಲ, ಬೋಣಿ ಇತ್ತು, ಚೌಕಾಸಿ ಇತ್ತು, ಉದ್ರಿ ಇತ್ತು. ತೂಗಿ ಕೊಟ್ಟ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವ ಕೊಸರು ಇತ್ತು. ಆ ಕೊಸರು ದಾನವೂ ಅಲ್ಲ, ಡಿಸ್ಕೌಂಟೂ ಅಲ್ಲ. ಮುಂದಿನ ವಾರವೂ ನೀವು ಬರುತ್ತೀರಿ, ನಾವೂ ಇರುತ್ತೇವೆ ಎಂಬ ಭರವಸೆ ಅದು. "ಬನ್ನಿ ಅಕ್ಕಾ, ಕೈಲಿ ಹಿಡಿದು ನೋಡಿ, ತಗೊಳ್ದಿದ್ರೂ ಪರವಾಗಿಲ್ಲ" ಎಂದು ಕೂಗುವ ಹುಡುಗನಿಗೆ ಮನೆಯಲ್ಲಿ ದಖನಿ, ಗಿರಾಕಿಯೊಂದಿಗೆ ಕನ್ನಡ, ಮಂಡಿಯ ಸಾಹುಕಾರನೊಂದಿಗೆ ತೆಲುಗು. ಮಾತು ಬಲ್ಲವ ಮಾಣಿಕ್ಯ ತಂದ ಎಂಬ ಗಾದೆ ಇವನಿಗೇ ಸಲ್ಲಬೇಕು. ಆದರೆ ಶಾಲೆಯ ಅಂಕಪಟ್ಟಿಯಲ್ಲಿ ಈ ವಿದ್ಯೆಗೆ ಜಾಗವಿಲ್ಲ. ಭಾನುವಾರ ಗುರುವಾಗಿದ್ದವನು ಸೋಮವಾರ ಖಾಲಿ ಸೋಪಿನ ಡಬ್ಬಿಯ ಮುಂದೆ ಏನೂ ತಿಳಿಯದ ಶಿಷ್ಯನಾಗಿ ನಿಲ್ಲುತ್ತಾನೆ.

ಮುಸ್ಲಿಂ ಗಂಡು ದುಡಿಮೆಗಾರರಲ್ಲಿ ಶೇ. 12ಕ್ಕಿಂತ ಹೆಚ್ಚು ಮಂದಿ ಬೀದಿ ವ್ಯಾಪಾರದಲ್ಲಿದ್ದಾರೆ, ದೇಶದ ಸರಾಸರಿ ಶೇ. 8ಕ್ಕಿಂತ ಕಡಿಮೆ ಎಂದು 2006ರ ಸಾಚಾರ್ ವರದಿ ಹೇಳಿತ್ತು. ಮಾರಾಟದ ಕೌಶಲ ನಮ್ಮ ಮಕ್ಕಳಿಗೆ ಕೊರತೆಯ ವಸ್ತುವಲ್ಲ. ಕೊರತೆ ಇರುವುದು ಬೇರೆಯ ಕಡೆ.

ಇನ್ನೊಂದು ಸಂಗತಿ ಹೆಚ್ಚು ಗಂಭೀರವಾದದ್ದು. ನಮ್ಮ ರಾಜ್ಯದ ಈ ವ್ಯವಸ್ಥೆಯಲ್ಲಿ ಕೌಶಲದ ವಿಷಯ ಬರುವುದು ತೃತೀಯ ಭಾಷೆಯ ಜಾಗಕ್ಕೆ. ಹಿಂದಿ, ಉರ್ದು, ಅರಬ್ಬಿ, ಸಂಸ್ಕೃತ, ಕೊಂಕಣಿ, ತುಳು ಪರೀಕ್ಷೆಗಳು ನಡೆಯುವ ದಿನವೇ ರಿಟೇಲ್, ಆಟೊಮೊಬೈಲ್ ಪರೀಕ್ಷೆಗಳೂ ನಡೆಯುತ್ತವೆ. ಅಂದರೆ ಮಗು ಒಂದು ಭಾಷೆ ಬಿಟ್ಟು ಒಂದು ಕಸುಬು ಹಿಡಿಯಬೇಕು. ವ್ಯಾಪಾರವೆಂದರೆ ಮೊದಲು ಮಾತು. ಮಾತಿನ ಕಾಲು ಮುರಿದು ವ್ಯಾಪಾರಕ್ಕೆ ಕಳಿಸುವುದು ಯಾವ ಲೆಕ್ಕ? ಕನ್ನಡ ಮಾಧ್ಯಮದಲ್ಲಿ ಓದುವ ಅನೇಕ ಮುಸ್ಲಿಂ ಮಕ್ಕಳಿಗೆ ಮನೆಮಾತಿನ ಅಕ್ಷರ ಶಾಲೆಯಲ್ಲಿ ಸಿಗುವುದು ಆ ಮೂರನೆಯ ಜಾಗದಲ್ಲಿ ಮಾತ್ರ. ಕೊಂಕಣಿ, ತುಳು ಮಕ್ಕಳ ಕಥೆಯೂ ಇದೇ. ಇದು ಒಂದು ಸಮುದಾಯದ ದೂರಲ್ಲ.

ಹೀಗೆಂದು ಎಲ್ಲ ತಪ್ಪನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಶಾದಿಮಹಲ್‌ಗಳಲ್ಲಿ ವರ್ಷಕ್ಕೊಮ್ಮೆ ಕೆರಿಯರ್ ಗೈಡೆನ್ಸ್ ಶಿಬಿರಗಳು ನಡೆಯುತ್ತವೆ. ಕೋಟು ತೊಟ್ಟ ಭಾಷಣಕಾರರು ಪರದೆಯ ಮೇಲೆ ಚಿತ್ರ ತೋರಿಸಿ, "ಮೊದಲು ನಿಮ್ಮನ್ನು ನೀವು ಮಾರಿಕೊಳ್ಳುವುದನ್ನು ಕಲಿಯಿರಿ" ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದು ಬುದ್ಧಿಮಾತಾಗಿರಬಹುದು. ಕನ್ನಡದಲ್ಲಿ 'ಮಾರುವುದು' ಗೌರವದ ಕಸುಬು, 'ಮಾರಿಕೊಳ್ಳುವುದು' ನಾಚಿಕೆಯ ಮಾತು. ಉರ್ದುವಿನಲ್ಲಿಯೂ ಬೇಚನೇವಾಲಾ ಬೇರೆ, ಬಿಕಾವೂ ಬೇರೆ. ನಮ್ಮ ಎರಡೂ ಭಾಷೆಗಳು ಇಟ್ಟುಕೊಂಡಿರುವ ಈ ವ್ಯತ್ಯಾಸವನ್ನು ಅಳಿಸಿ ಮಕ್ಕಳಿಗೆ ಬೋಧಿಸಿದಾಗ, ನಾವು ಕಲಿಸುತ್ತಿರುವುದು ಕೌಶಲವೋ ಬೇರೇನೋ ಎಂದು ನಿಂತು ಯೋಚಿಸಬೇಕು.

ಇಲ್ಲಿ ಡಾ. ಝಾಕಿರ್ ಹುಸೇನ್ ನೆನಪಾಗುತ್ತಾರೆ. ವಾರ್ಧಾ ಯೋಜನೆಯ ಪಠ್ಯಕ್ರಮ ರೂಪಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಕೈಕಸುಬಿನ ಮೂಲಕವೇ ಗಣಿತ, ವಿಜ್ಞಾನ, ಸಮಾಜವನ್ನು ಅರಿಯುವ ಶಿಕ್ಷಣ ಆ ಸಮಿತಿಯ ಕಲ್ಪನೆ. ಅಲ್ಲಿ ಕಸುಬು ತಿಳಿವಿನ ಬಾಗಿಲು, ನೌಕರಿಯ ಚೀಟಿಯಲ್ಲ. ಅದೇ ಝಾಕಿರ್ ಸಾಹೇಬರು ಮಕ್ಕಳಿಗಾಗಿ 'ಅಬ್ಬೂ ಖಾನ್ ಕಿ ಬಕ್ರಿ' ಬರೆದರು. ಯಜಮಾನನ ಪ್ರೀತಿ, ಹೊಟ್ಟೆತುಂಬ ಮೇವು ಎಲ್ಲ ಇದ್ದರೂ ಕೊರಳ ಹಗ್ಗ ಒಲ್ಲದೆ ಬೆಟ್ಟಕ್ಕೆ ಓಡಿಹೋಗಿ, ರಾತ್ರಿಯಿಡೀ ತೋಳದೊಂದಿಗೆ ಕಾದು ಸಾಯುವ ಮೇಕೆಯ ಕಥೆ ಅದು. ಉರ್ದು ಶಾಲೆಯಲ್ಲಿ ಅದನ್ನು ಓದಿ ನಾವು ಅತ್ತಿದ್ದೆವು. ಮಕ್ಕಳ ಕೈಗೆ ತಕಲಿ ಕೊಡಿ ಎಂದ ಮನುಷ್ಯನಿಗೆ ಹಗ್ಗ ಎಂದರೇನೆಂದು ಗೊತ್ತಿತ್ತು. ಇವತ್ತಿನ ಯೋಜನೆಗಳಿಗೆ ಅದು ಗೊತ್ತಿದೆಯೇ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅದೇ ಶಾಲೆಯ ಒಬ್ಬ ಹುಡುಗಿ ನಮಗೆ ಹೇಳಿದಳು: "ಮೊದಲು ಯಾರ ಮುಂದೇನೂ ಬಾಯಿ ಬರ್ತಿರ್ಲಿಲ್ಲ ಸರ್. ಈ ಕ್ಲಾಸಿನಿಂದ ಮಾತಾಡೋ ಧೈರ್ಯ ಬಂತು." ಇದು ಸಣ್ಣ ಲಾಭವಲ್ಲ. ಕಲಿಸುವ ತರುಣಿಯೂ ಶ್ರದ್ಧೆಯವರು. ಅವರು ಇಲಾಖೆಯ ಶಿಕ್ಷಕಿಯಲ್ಲ, ಸಂಸ್ಥೆಯೊಂದರ ಮೂಲಕ ಗುತ್ತಿಗೆಯ ಮೇಲೆ ಬಂದವರು. ಮಕ್ಕಳಿಗೆ ಭವಿಷ್ಯದ ದಾರಿ ತೋರಿಸುವವರಿಗೇ ಮುಂದಿನ ವರ್ಷದ ಖಾತರಿಯಿಲ್ಲ.

ಹಾಗಾದರೆ ಏನು ಕಲಿಸಬೇಕು? ವೃತ್ತಿ ಶಿಕ್ಷಣ ಬೇಡವೆಂಬುದು ನಮ್ಮ ವಾದವಲ್ಲ. ಎಸ್ಸೆಸ್ಸೆಲ್ಸಿಯ ನಂತರ ಐಟಿಐ, ಡಿಪ್ಲೊಮಾ, ಪಿಯುಸಿಗಳಲ್ಲಿ ಯಾವುದಕ್ಕೆ ಎಷ್ಟು ಖರ್ಚು, ಯಾವ ವಿದ್ಯಾರ್ಥಿವೇತನ, ಯಾವ ಹಾಸ್ಟೆಲ್ ಎಂಬುದು ಫಲಿತಾಂಶ ಬಂದ ಮೇಲಲ್ಲ, ಒಂಬತ್ತನೆಯ ತರಗತಿಯಲ್ಲೇ ತಿಳಿಯಬೇಕು. ಕನಿಷ್ಠ ವೇತನವೆಂದರೇನು ಎಂದು ಆ ತರಗತಿಯಲ್ಲಿ ಕೇಳಿದೆವು, ಒಂದು ಕೈಯೂ ಮೇಲೇಳಲಿಲ್ಲ. ಬೀದಿ ವ್ಯಾಪಾರಿಗಳ ಹಕ್ಕಿಗಾಗಿ 2014ರಲ್ಲೊಂದು ಕಾಯ್ದೆ ಬಂದಿದೆ ಎಂಬುದು ತಳ್ಳುಗಾಡಿಯವನ ಮಗನಿಗೇ ಗೊತ್ತಿರಲಿಲ್ಲ. ಸುಳ್ಳು ಜಾಹೀರಾತನ್ನು ಗುರುತಿಸುವುದು, ಬಡ್ಡಿಯ ಲೆಕ್ಕ ಹಾಕುವುದು, ಕರಾರು ಪತ್ರವನ್ನು ಸಹಿ ಹಾಕುವ ಮುನ್ನ ಓದುವುದು, ಇವೂ ಮಾರುಕಟ್ಟೆಯ ಪಾಠಗಳೇ. ಮಾರುವವನಾಗುವ ಮೊದಲು ಮಗು ಮೋಸ ಹೋಗದವನಾಗಬೇಕು. ಇದೆಲ್ಲವನ್ನೂ ಒಂದು ಭಾಷೆಯನ್ನು ಕಿತ್ತುಕೊಳ್ಳದೆ ಕಲಿಸಬೇಕು.

ಆ ದಿನ ಚಹಾ ತಂದ ಹುಡುಗನೂ ಒಂದು ಕಥೆ ಬರೆದಿದ್ದ. ಕಾಗುಣಿತದ ತಪ್ಪುಗಳಿದ್ದವು, ಆದರೆ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಸಂತೆಯಲ್ಲಿ ಒಬ್ಬ ಅಜ್ಜಿ ಉದ್ರಿ ಕೇಳುತ್ತಾಳೆ. ತಂದೆ ಕೊಡುತ್ತಾನೆ, ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಾನೆ. ಅಜ್ಜಿಯ ಹೆಸರಿನ ಮುಂದೆ ತಂದೆ ಎಷ್ಟು ಬರೆದ ಎಂಬುದನ್ನು ಕಥೆ ಹೇಳುವುದಿಲ್ಲ. ಏಕೆ ಹೇಳಲಿಲ್ಲ ಎಂದು ಕೇಳಿದೆವು. ಒಳ್ಳೆಯ ಕಥೆಗಾರ ಹಾಗೇ ಬಿಡುತ್ತಾನೆ ಎಂದು ನಮ್ಮ ಊಹೆ. ಹುಡುಗ ತಲೆ ತಗ್ಗಿಸಿ ಹೇಳಿದ: "ಅಬ್ಬಾ ಉರ್ದೂಲಿ ಬರೀತಾರೆ ಸರ್. ಎಂಟನೇ ಕ್ಲಾಸ್‌ವರೆಗೆ ನನಗೂ ಸ್ವಲ್ಪ ಓದೋಕೆ ಬರ್ತಿತ್ತು. ರಿಟೇಲ್ ತಗೊಂಡ್ಮೇಲೆ ಮರೆತುಹೋಗ್ತಿದೆ."

ಬಹುಮಾನ ಅವನಿಗೇ ಕೊಟ್ಟೆವು. ತಂದೆಯ ಉದ್ರಿ ಪುಸ್ತಕ ಓದಲಾಗದ ಮಗನಿಗೆ ಬಿಲ್ ಹಾಕುವ ಯಂತ್ರ ಕಲಿಸಿ ನಾವು ಅದನ್ನು ಕೌಶಲ ಎನ್ನುತ್ತಿದ್ದೇವೆ. ಆ ಪುಸ್ತಕದ ಬಾಕಿಯನ್ನು ಯಾರಿಂದ ವಸೂಲಿ ಮಾಡಬೇಕು?