ನಾಮಫಲಕದ ತೂಕ: ಚಿಕಿತ್ಸಕರ ಬಿರುದುಗಳೂ ಶ್ರಾವಕಧರ್ಮವೂ

ಬೆಂಗಳೂರಿನ ಹಳೆಯ ಪೇಟೆಯಲ್ಲಿ, ಒಂದು ಕಾಲಕ್ಕೆ ಸಿದ್ದಿಕಟ್ಟೆ ಇದ್ದ ಜಾಗದಲ್ಲಿ, ಕೃಷ್ಣರಾಜ ಮಾರುಕಟ್ಟೆ ನಿಂತಿದೆ. ಅದರ ಸುತ್ತಣ ಗ್ರಂಧಿಗೆ ಅಂಗಡಿಗಳಲ್ಲಿ ಅಳಲೆಕಾಯಿ, ತಾರೆಕಾಯಿ, ಹಿಪ್ಪಲಿ, ಅತಿಮಧುರ, ಬಜೆಗಳು ಇಂದಿಗೂ ತಕ್ಕಡಿಯಲ್ಲಿ ತೂಗಲ್ಪಡುತ್ತವೆ. ಅಲ್ಲಿಂದ ಕೂಗಳತೆಯ ದೂರದಲ್ಲಿ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಯಿದೆ. ಧನ್ವಂತರಿ ರಸ್ತೆಗೆ ಹೋದರೆ ಸರ್ಕಾರಿ ಆಯುರ್ವೇದ ವೈದ್ಯಕೀಯ ಮಹಾವಿದ್ಯಾಲಯವಿದೆ. ಚಿಕ್ಕಪೇಟೆಯ ಬಸದಿ ಮತ್ತು ದೇರಾಸರಗಳಿಗೆ ಬರುವ ಶ್ರಾವಕ ಕುಟುಂಬಗಳಿಗೆ ರೋಗ ಬಂದಾಗ ತಟ್ಟಬೇಕಾದ ಬಾಗಿಲುಗಳಿಗೆ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಯಾವ ಬಾಗಿಲು ಯಾರದೆಂದು ತಿಳಿಯುವುದರಲ್ಲಿ.

ಈಚಿನ ವರ್ಷಗಳಲ್ಲಿ ನಗರಗಳಲ್ಲಿ ಹೆಚ್ಚುತ್ತಿರುವ ಒಂದು ಬಗೆಯ ನಾಮಫಲಕ ವಿಮರ್ಶೆಗೆ ಅರ್ಹವಾಗಿದೆ. ಹೆಸರಿನ ಹಿಂದೆ 'ಡಾ.', ಹೆಸರಿನ ಮುಂದೆ 'ಆರ್.ಎಂ.ಪಿ.' ಅಥವಾ 'ಎಂ.ಡಿ. (ಎ.ಎಂ.)', ಅದರ ಕೆಳಗೆ 'ಸಮಗ್ರ ಆರೋಗ್ಯ ತಜ್ಞರು' ಎಂಬ ಒಕ್ಕಣೆ. ಆರೋಗ್ಯ ಶಿಬಿರಗಳ ಆಮಂತ್ರಣ ಪತ್ರಿಕೆಗಳಲ್ಲಿಯೂ ಇಂಥ ಬಿರುದುಗಳು ಪರೀಕ್ಷೆಯಿಲ್ಲದೆ ಅಚ್ಚಾಗುತ್ತವೆ. ಗ್ರಂಥವೊಂದನ್ನು ವಿಮರ್ಶಿಸುವಷ್ಟೇ ಶ್ರದ್ಧೆಯಿಂದ ಈ ಒಂದೆರಡು ಸಾಲುಗಳನ್ನು ಓದಬೇಕಾಗಿದೆ. ಗ್ರಂಥವನ್ನು ತಪ್ಪಾಗಿ ಓದಿದವನಿಗೆ ಅರ್ಥ ಕೆಡುತ್ತದೆ; ನಾಮಫಲಕವನ್ನು ತಪ್ಪಾಗಿ ಓದಿದವನಿಗೆ ಪ್ರಾಣವೇ ಹೋಗಬಹುದು.

ಮೊದಲು 'ಆರ್.ಎಂ.ಪಿ.' ಎಂಬ ಮೂರಕ್ಷರ. ಇದು ಪದವಿಯಲ್ಲ, 'ನೋಂದಾಯಿತ ವೈದ್ಯ' ಎಂಬುದರ ಸಂಕ್ಷೇಪ. ನೋಂದಣಿ ಪುಸ್ತಕದಲ್ಲಿ ಹೆಸರಿದ್ದವನಿಗೆ ಮಾತ್ರ ಅದು ಸಲ್ಲುತ್ತದೆ. ಯಾವ ಪುಸ್ತಕ, ಎಷ್ಟನೆಯ ಸಂಖ್ಯೆ ಎಂಬುದನ್ನು ಹೇಳದೆ ಬರೆದಾಗ ಅದಕ್ಕೆ ಅರ್ಥವಿಲ್ಲ. 'ಎಂ.ಡಿ. (ಎ.ಎಂ.)' ಎಂಬಲ್ಲಿ ಕಂಸದೊಳಗಿನ ಅಕ್ಷರಗಳು ಪರ್ಯಾಯ ಚಿಕಿತ್ಸೆಯನ್ನು ಸೂಚಿಸುತ್ತವೆ. ದಾರಿಹೋಕನ ಕಣ್ಣಿಗೆ ಬೀಳುವುದು ಕಂಸದ ಹೊರಗಿನ ಎರಡಕ್ಷರ. ಬರೆದವನ ರಕ್ಷಣೆಗೆ ಇರುವುದು ಕಂಸದ ಒಳಗಿನ ಎರಡಕ್ಷರ. ಪಾಶ್ಚಾತ್ಯ ವೈದ್ಯ ಪದವಿಗಳನ್ನು ಅಧಿಕಾರವಿಲ್ಲದೆ ನೀಡುವುದನ್ನೂ, ಅವುಗಳನ್ನು ಹೋಲುವ ಬಿರುದುಗಳನ್ನು ನೀಡುವುದನ್ನೂ ನಿಷೇಧಿಸುವ ಕಾನೂನು 1916ರಷ್ಟು ಹಿಂದೆಯೇ ಈ ದೇಶದಲ್ಲಿ ಜಾರಿಗೆ ಬಂದಿತೆಂಬುದು ಗಮನಾರ್ಹ. ಅಂದರೆ ಈ ರೋಗ ಹೊಸದಲ್ಲ.

ಇನ್ನು 'ಸಮಗ್ರ' ಎಂಬ ಮಾತು. ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳಿಗೆ 1970ರ ಕೇಂದ್ರ ಕಾಯಿದೆಯಿತ್ತು. ಅದರ ಸ್ಥಾನದಲ್ಲಿ ಈಗ 2020ರ ಭಾರತೀಯ ವೈದ್ಯಪದ್ಧತಿ ರಾಷ್ಟ್ರೀಯ ಆಯೋಗದ ಕಾಯಿದೆಯಿದೆ. ಹೋಮಿಯೋಪಥಿಗೂ ಅದೇ ವರ್ಷ ಪ್ರತ್ಯೇಕ ಆಯೋಗ ವಿಧಿತವಾಯಿತು. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ಕೇಂದ್ರದ ಆ ಆಯೋಗದ ವ್ಯಾಪ್ತಿಗೆ ಸೇರಿಲ್ಲವಾದರೂ, ಕರ್ನಾಟಕದ 1961ರ ನೋಂದಣಿ ಕಾಯಿದೆಯಡಿ ಆ ಪದವೀಧರರಿಗೆ ನೋಂದಣಿಯ ಅವಕಾಶವಿದೆ. ಆದರೆ 'ಸಮಗ್ರ ಚಿಕಿತ್ಸಕ' ಎಂಬ ಹೆಸರಿಗೆ ಯಾವ ಶಾಸನಬದ್ಧ ನೋಂದಣಿ ಪುಸ್ತಕವೂ ಇಲ್ಲ. ಅದು ದೃಷ್ಟಿಯೊಂದರ ಹೆಸರೇ ಹೊರತು ವಿದ್ಯೆಯೊಂದರ ಹೆಸರಲ್ಲ. ದೇಹ, ಮನಸ್ಸು, ಆಹಾರ, ಆಚಾರಗಳನ್ನು ಒಟ್ಟಾಗಿ ನೋಡಬೇಕೆಂಬ ದೃಷ್ಟಿ ಮೆಚ್ಚತಕ್ಕದ್ದು. ಅದನ್ನು ವೃತ್ತಿಯ ಬಿರುದಾಗಿ ತೊಟ್ಟಾಗ ಮಾತ್ರ 'ಏನನ್ನು ಕಲಿತಿದ್ದೀರಿ?' ಎಂಬ ಪ್ರಶ್ನೆಗೆ ಉತ್ತರ ಸಿಗದಂತಾಗುತ್ತದೆ.

ಇಲ್ಲಿ ಜೈನ ಸಮಾಜದೊಳಗೇ ಕೇಳಿಬರುವ ಒಂದು ಸಮರ್ಥನೆಯನ್ನು ಪರಿಶೀಲಿಸಬೇಕು. ಒಂದೊಂದು ವೈದ್ಯಪದ್ಧತಿಯೂ ಏಕಾಂತ. ಎಲ್ಲವನ್ನೂ ಒಳಗೊಂಡ ಸಮಗ್ರ ಚಿಕಿತ್ಸೆಯೇ ಅನೇಕಾಂತ, ಎಂಬುದು ಆ ವಾದ. ಕೇಳಲು ಹಿತವಾದ ಈ ಮಾತು ಅನೇಕಾಂತವನ್ನು ತಲೆಕೆಳಗು ಮಾಡುತ್ತದೆ. ವಸ್ತುವಿಗೆ ಅನೇಕ ಮುಖಗಳಿವೆ ಎಂದ ಆಚಾರ್ಯರು, ಮಾತನಾಡುವವನು ತಾನು ಯಾವ ನಯದಿಂದ ಮಾತನಾಡುತ್ತಿದ್ದೇನೆಂಬುದನ್ನು ಅರಿತು ನುಡಿಯಬೇಕೆಂದರು. 'ಸ್ಯಾತ್' ಎಂಬ ಪದ ನುಡಿಯುವವನಿಗೆ ಹಾಕಿದ ಎಲ್ಲೆ. 'ಆಯುರ್ವೇದದ ದೃಷ್ಟಿಯಿಂದ ಹೀಗೆ' ಎನ್ನುವ ವೈದ್ಯ ಆ ಎಲ್ಲೆಯೊಳಗಿದ್ದಾನೆ. ತನ್ನ ನಯವನ್ನು ಹೇಳದೆ ಎಲ್ಲವೂ ತನಗೆ ತಿಳಿದಿದೆ ಎನ್ನುವವನು ಅನೇಕಾಂತಿಯಲ್ಲ. ಸರ್ವಜ್ಞತ್ವವನ್ನು ಆರೋಪಿಸಿಕೊಂಡ ಏಕಾಂತಿ. ಸುಪ್ರೀಂ ಕೋರ್ಟ್ 1996ರ ಒಂದು ತೀರ್ಪಿನಲ್ಲಿ ಇದೇ ವಿವೇಕವನ್ನು ಬೇರೆ ಭಾಷೆಯಲ್ಲಿ ಹೇಳಿದೆ. ಹೋಮಿಯೋಪಥಿಯಲ್ಲಿ ಶಿಕ್ಷಣ ಪಡೆದವರೊಬ್ಬರು ಅಲೋಪಥಿ ಔಷಧ ಕೊಟ್ಟ ಪ್ರಕರಣವದು. ಒಂದು ಪದ್ಧತಿಯಲ್ಲಿ ಅರ್ಹನಾದವನೂ ತಾನು ಕಲಿಯದ ಇನ್ನೊಂದು ಪದ್ಧತಿಯಲ್ಲಿ ಚಿಕಿತ್ಸೆ ನೀಡಿದರೆ ಅಲ್ಲಿ ಅವನು ನಕಲಿ ವೈದ್ಯನೇ ಎಂದು ನ್ಯಾಯಾಲಯ ಹೇಳಿತು.

ಪರಂಪರೆಯ ವೈದ್ಯರ ಪರವಾಗಿ ಎತ್ತುವ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಪದವಿಯಿಲ್ಲದ ಎಷ್ಟೋ ನಾಟಿ ವೈದ್ಯರಿಗೆ ಕೈಗುಣವಿದೆ, ಪದವಿ ಪಡೆದ ಎಷ್ಟೋ ಮಂದಿಗೆ ಇಲ್ಲ ಎಂಬ ಮಾತಿನಲ್ಲಿ ಸತ್ಯಾಂಶವಿದೆ. ವೈದ್ಯವಿದ್ಯೆಯ ವಿಷಯದಲ್ಲಿ ಜೈನ ಪರಂಪರೆ ಬಡವಾದುದಲ್ಲ. ದ್ವಾದಶಾಂಗ ಶ್ರುತದ ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವನ್ನು ವೈದ್ಯದ ಮೂಲವೆಂದು ಪರಿಗಣಿಸಲಾಗಿದೆ. ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ' ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದ ಸಂಸ್ಕೃತ ಗ್ರಂಥ. ಅದು 1940ರಲ್ಲಿ ಸೊಲ್ಲಾಪುರದಿಂದ ಮುದ್ರಿತವಾಯಿತು. ಪೂಜ್ಯಪಾದರ ವೈದ್ಯಕೃತಿಯನ್ನು 12ನೆಯ ಶತಮಾನದಲ್ಲಿ ಕನ್ನಡಕ್ಕೆ ತಂದವನು ಜಗದ್ದಳ ಸೋಮನಾಥ. ಕೀರ್ತಿವರ್ಮನ 'ಗೋವೈದ್ಯ'ವೂ ಮಂಗರಾಜನ 'ಖಗೇಂದ್ರಮಣಿದರ್ಪಣ'ವೂ ಕನ್ನಡ ಶಾಸ್ತ್ರಸಾಹಿತ್ಯದ ಹೆಮ್ಮೆ. ಆದರೆ ಈ ಗ್ರಂಥಗಳ ಅಸ್ತಿತ್ವವೇ ಒಂದು ಪಾಠವನ್ನು ಹೇಳುತ್ತದೆ: ಅಂದಿನವರು ವಿದ್ಯೆಯನ್ನು ಬರೆದಿಟ್ಟರು, ಇತರರ ಪರೀಕ್ಷೆಗೆ ಒಡ್ಡಿದರು. ಯಾರೂ ಪರೀಕ್ಷಿಸಲಾಗದ ಗುಟ್ಟನ್ನೇ ಪರಂಪರೆಯೆನ್ನುವುದು ಆ ಹಿರಿಯರಿಗೆ ಸಲ್ಲಿಸುವ ಗೌರವವಲ್ಲ.

ಆಯುರ್ವೇದದ ಮೂಲಗ್ರಂಥಗಳು ಈ ವಿಷಯದಲ್ಲಿ ಇನ್ನೂ ನಿಷ್ಠುರವಾಗಿವೆ. ವೈದ್ಯನೆಂಬ ಹೆಸರು ಹುಟ್ಟಿನಿಂದ ಬರುವುದಲ್ಲ, ವಿದ್ಯೆಯ ಸಮಾಪ್ತಿಯಿಂದ ಬರುವ ಎರಡನೆಯ ಜನ್ಮ ಎಂಬುದು ಚರಕನ ನಿಲುವು. ವೈದ್ಯನ ವೇಷ ತೊಟ್ಟವರು, ಹೆಸರಾಂತವರ ಕೀರ್ತಿಯ ನೆರಳಲ್ಲಿ ಬದುಕುವವರು, ನಿಜವಾದ ವೈದ್ಯರು ಎಂದು ಅವನು ಮೂರು ವರ್ಗ ಮಾಡುತ್ತಾನೆ. ಸುಶ್ರುತನ ಪ್ರಕಾರ ಶಾಸ್ತ್ರವನ್ನು ಕಲಿತು, ಕೆಲಸವನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿದ ಮೇಲೂ ರಾಜನ ಅನುಮತಿ ಪಡೆದೇ ವೈದ್ಯ ವೃತ್ತಿಗೆ ಇಳಿಯಬೇಕು. ಕುವೈದ್ಯರು ಬಾಳುವುದು ರಾಜನ ದೋಷದಿಂದ. ನೋಂದಣಿಯೆಂಬುದು ಪಶ್ಚಿಮದಿಂದ ಬಂದ ಹೊರೆ ಎನ್ನುವವರು ಇದನ್ನು ಮರೆಯಬಾರದು. ಅರ್ಹತೆಯೂ ನೋಂದಣಿಯೂ ಇಲ್ಲದವರಿಗೆ ವೈದ್ಯವೃತ್ತಿ ನಡೆಸುವ ಹಕ್ಕಿಲ್ಲವೆಂದು 2018ರ ಏಪ್ರಿಲ್‌ನಲ್ಲಿ ಕೇರಳದ ಪಾರಂಪರಿಕ ವೈದ್ಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಒಂದು ಅರ್ಥದಲ್ಲಿ ಸುಶ್ರುತನ ಮಾತಿನ ಮುಂದುವರಿಕೆ.

ಪದವಿ ಕೈಗುಣವನ್ನು ಖಾತರಿಪಡಿಸುವುದಿಲ್ಲ ಎಂಬುದು ನಿಜ. ಅದು ಖಾತರಿಪಡಿಸುವುದು ಬೇರೊಂದನ್ನು: ನಿರ್ದಿಷ್ಟ ಪಠ್ಯ, ನಿರ್ದಿಷ್ಟ ಅವಧಿ, ಮೇಲ್ವಿಚಾರಣೆಯ ಕೆಳಗೆ ರೋಗಿಗಳ ನಡುವೆ ಪಡೆದ ಅನುಭವ, ಮತ್ತು ತಪ್ಪಾದಾಗ ದೂರು ಕೊಡಲು ಒಂದು ಸ್ಥಳ. ಬಿ.ಎ.ಎಂ.ಎಸ್. ಮತ್ತು ಬಿ.ಎನ್.ವೈ.ಎಸ್. ಪದವಿಗಳಿಗೆ ನಾಲ್ಕೂವರೆ ವರ್ಷಗಳ ವ್ಯಾಸಂಗ ಹಾಗೂ ಒಂದು ವರ್ಷದ ಪ್ರಾಯೋಗಿಕ ಸೇವೆ ಬೇಕು. ಪ್ರಕೃತಿ ಚಿಕಿತ್ಸೆಯನ್ನು ಈ ಶಿಸ್ತಿಗೆ ಒಳಪಡಿಸಿದ ಕೀರ್ತಿಯಲ್ಲಿ ಕರ್ನಾಟಕದ ಜೈನ ಸಮಾಜಕ್ಕೂ ಪಾಲಿದೆ; ಧರ್ಮಸ್ಥಳದ ಆಶ್ರಯದಲ್ಲಿ ಉಜಿರೆಯ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನ ಮಹಾವಿದ್ಯಾಲಯ ಆರಂಭವಾದದ್ದು 1989ರಲ್ಲಿ. ಐದೂವರೆ ವರ್ಷ ದುಡಿದು ಆ ಹೆಸರು ಗಳಿಸಿದವನ ಪಕ್ಕದಲ್ಲಿ, ಕೆಲವು ವಾರಾಂತ್ಯಗಳ ತರಗತಿಯಿಂದ ಬಂದವನೂ ಅದೇ ಹೆಸರನ್ನು ತೊಟ್ಟರೆ ಅನ್ಯಾಯವಾಗುವುದು ರೋಗಿಗೊಬ್ಬನಿಗೇ ಅಲ್ಲ.

ಅಲ್ಪಾವಧಿಯ ಶಿಕ್ಷಣವೇ ತಪ್ಪೆಂದು ಇದರ ಅರ್ಥವಲ್ಲ. ಯೋಗಾಸನ ಹೇಳಿಕೊಡುವವರು, ಎಣ್ಣೆ ನೀವುವವರು, ಪಥ್ಯದ ಅಡುಗೆ ಕಲಿಸುವವರು ಸಮಾಜಕ್ಕೆ ಬೇಕು. ನಾಟಿ ವೈದ್ಯರಿಗಾಗಿ ಭಾರತೀಯ ಗುಣಮಟ್ಟ ಪರಿಷತ್ತು, ಯಲಹಂಕದ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯ ಸಹಯೋಗದೊಂದಿಗೆ, ಸ್ವಯಂಪ್ರೇರಿತ ಪ್ರಮಾಣೀಕರಣದ ಯೋಜನೆಯೊಂದನ್ನು ರೂಪಿಸಿದೆ. ಮೂಳೆ ಜೋಡಣೆಯಂಥ ನಿರ್ದಿಷ್ಟ ವಿಭಾಗದಲ್ಲಿ ಅವರ ಜ್ಞಾನವನ್ನು ಪರೀಕ್ಷಿಸುವ ಆ ಯೋಜನೆ ಅವರಿಗೆ 'ಡಾಕ್ಟರ್' ಎಂಬ ಬಿರುದು ಕೊಡುವುದಿಲ್ಲ. ಇದ್ದಷ್ಟನ್ನು ಇದ್ದ ಹೆಸರಿನಿಂದ ಕರೆಯುವ ಈ ಮಾರ್ಗ ಪ್ರಾಮಾಣಿಕವಾದದ್ದು.

ಶ್ರಾವಕಾಚಾರದ ದೃಷ್ಟಿಯಿಂದ ನೋಡಿದರೆ ಪ್ರಶ್ನೆ ಮತ್ತಷ್ಟು ಹರಿತವಾಗುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವೂ ಕೂಟಲೇಖಕ್ರಿಯೆಯೂ ಇವೆ. ಸುಳ್ಳು ಪ್ರಮಾಣಪತ್ರ ಎರಡನೆಯದರ ನೇರ ಉದಾಹರಣೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೆಂದರೆ ಅಳತೆ ತೂಕಗಳ ಮೋಸ, ಪ್ರತಿರೂಪಕ ವ್ಯವಹಾರವೆಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದು. ಬಿರುದಿನ ಮೋಸ ಮೇಲುನೋಟಕ್ಕೆ ಸತ್ಯವ್ರತದ ಭಂಗವೆನಿಸಿದರೂ ಅದು ಅಚೌರ್ಯವ್ರತದ ಭಂಗವೂ ಹೌದು. ಕಾನೂನು ಹಿಡಿಯುವುದು ಪೂರ್ಣ ಸುಳ್ಳನ್ನು. ಕಂಸದೊಳಗೆ ಅಡಗಿದ ಅರ್ಧಸತ್ಯವನ್ನು ಹಿಡಿಯಬೇಕಾದದ್ದು ವ್ರತ.

ಕೊನೆಯದಾಗಿ ಅಹಿಂಸೆ. ಮಧುಮೇಹದ ಗುಳಿಗೆ ಸೇವಿಸುತ್ತಿರುವ ವೃದ್ಧೆಯೊಬ್ಬರು ಪರ್ಯೂಷಣದಲ್ಲಿ ಅಠ್ಠಾಯಿ ಮಾಡಬೇಕೆಂದೋ, ದಶಲಕ್ಷಣ ಪರ್ವದಲ್ಲಿ ಉಪವಾಸ ಹಿಡಿಯಬೇಕೆಂದೋ ಸಂಕಲ್ಪಿಸುತ್ತಾರೆಂದುಕೊಳ್ಳೋಣ. ಬಸದಿಯ ಶಿಬಿರದಲ್ಲಿ 'ಡಾ.' ಎಂದು ಪರಿಚಯಿಸಲ್ಪಟ್ಟವರು ನಿಶ್ಚಿಂತೆಯಿಂದ ಉಪವಾಸ ಮಾಡಿರೆಂದು ಹೇಳುತ್ತಾರೆ. ಕೆಲವು ಗುಳಿಗೆಗಳನ್ನು ಆಹಾರವಿಲ್ಲದೆ ಸೇವಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಇನ್ಸುಲಿನ್ನಿನ ಮೇಲೆಯೇ ಬದುಕುವ ಬಾಲಕನಿಗೆ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ಒದಗುತ್ತದೆ. ಹೀಗಾದಾಗ ಆ ಹಿಂಸೆಯಲ್ಲಿ ಪಾಲು ಯಾರದು? ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಎಣಿಸುವ ಧರ್ಮದಲ್ಲಿ, ಪರೀಕ್ಷಿಸದೆ ವೇದಿಕೆ ಕೊಟ್ಟ ಟ್ರಸ್ಟು ಹೊರಗುಳಿಯಲಾರದು.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಕನ್ನಡ ನಾಡಿನ ಜೈನರು ಶತಮಾನಗಳಿಂದ ನಡೆಸಿಕೊಂಡು ಬಂದಿದ್ದಾರೆ. ಭೈಷಜ್ಯದಾನದ ಹೆಸರಿನಲ್ಲಿ ಶಿಬಿರ ನಡೆಸುವ ಟ್ರಸ್ಟುಗಳು ಕೆಲವು ನಿಯಮಗಳನ್ನಾದರೂ ಇಟ್ಟುಕೊಳ್ಳುವುದು ಉಚಿತ. ಚಿಕಿತ್ಸಕರ ನೋಂದಣಿ ಸಂಖ್ಯೆಯನ್ನೂ ನೀಡಿದ ಮಂಡಲಿಯನ್ನೂ ಕೇಳಿ ತಾಳೆ ನೋಡಬೇಕು. ಆಮಂತ್ರಣದಲ್ಲಿ ಪದವಿಯನ್ನು ಸಂಕ್ಷೇಪಿಸದೆ, ಪದ್ಧತಿಯ ಹೆಸರಿನೊಂದಿಗೆ ಅಚ್ಚು ಮಾಡಬೇಕು. ನೋಂದಣಿಯಿಲ್ಲದವರನ್ನು ಯೋಗ ಶಿಕ್ಷಕರೆಂದೋ ಆಹಾರ ಮಾರ್ಗದರ್ಶಕರೆಂದೋ ಅವರ ನಿಜವಾದ ಹೆಸರಿನಿಂದಲೇ ಕರೆಯಬೇಕು. ರೋಗಿ ಸೇವಿಸುತ್ತಿರುವ ಔಷಧವನ್ನು, ಅದನ್ನು ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಕೂಡದೆಂಬ ಸೂಚನೆಯನ್ನು ಶಿಬಿರದ ಬಾಗಿಲಲ್ಲೇ ತೂಗುಹಾಕಬೇಕು. ಖಾಸಗಿ ಚಿಕಿತ್ಸಾಲಯಗಳು ನೋಂದಣಿ ಸಂಖ್ಯೆಯನ್ನು ಪ್ರದರ್ಶಿಸಬೇಕೆಂದೂ, ಅಲೋಪಥಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಫಲಕವಿರಬೇಕೆಂದೂ ರಾಜ್ಯದ ಆರೋಗ್ಯ ಇಲಾಖೆ 2024ರಲ್ಲಿ ಸೂಚಿಸಿದೆ. ಸರ್ಕಾರ ಬಣ್ಣದಿಂದ ಹೇಳಹೊರಟದ್ದನ್ನು ಧರ್ಮಸಂಸ್ಥೆಗಳು ಆಚರಣೆಯಿಂದ ಹೇಳಬಲ್ಲವು.

ಕೃಷ್ಣರಾಜ ಮಾರುಕಟ್ಟೆಯಲ್ಲಿ ಹಿಪ್ಪಲಿ ಮಾರುವ ಅಂಗಡಿಯವನ ತೂಕದ ಬಟ್ಟಿನ ಮೇಲೂ ಸರ್ಕಾರದ ಮುದ್ರೆಯಿರಬೇಕು. ಮುದ್ರೆಯಿಲ್ಲದ ಬಟ್ಟಿನಿಂದ ತೂಗಿದರೆ ಅವನು ದಂಡ ತೆರಬೇಕಾಗುತ್ತದೆ. ಹಿಪ್ಪಲಿ ಕೊಳ್ಳುವಾಗ ಅಷ್ಟು ಎಚ್ಚರ ವಹಿಸುವ ಗೃಹಸ್ಥರು ಅದನ್ನು ಯಾವ ರೋಗಕ್ಕೆ, ಎಷ್ಟು ಸೇವಿಸಬೇಕೆಂದು ಹೇಳುವವನ ಹೆಸರಿನ ಮೇಲೆ ಯಾವ ಮುದ್ರೆಯಿದೆಯೆಂದೂ ಕೇಳಬೇಕು. ಕೇಳುವುದು ಅವಿನಯವಲ್ಲ. ನಿಜವಾದ ವೈದ್ಯನು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರ ಕೊಡುತ್ತಾನೆ.